ಅತ್ತಿಗೆಯ ನಾಯಿ ಬಿಸ್ಕತ್ತು

ಗೋದಾಮಿನ ಯಜಮಾನರ ಮನೆಯಲ್ಲಿ ನಾಯಿ ಇಲ್ಲ. ಇದನ್ನು ನಾನು ಅವತ್ತೇ ಅತ್ತಿಗೆಗೆ ಹೇಳಿದ್ದೆ. ನಾಯಿ ಹೋಗಲಿ, ಒಂದು ಬೆಕ್ಕಿಗೆ ಹಾಲಿಟ್ಟ ಮನುಷ್ಯರೂ ಅವರಲ್ಲ. ಅಂಥವರು ಇಸ್ತ್ರಿ ಮಾಡಿದ ಬಿಳಿ ಅಂಗಿಯ ತೋಳು ಮಡಚಿಕೊಂಡು, ನಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ನಾಯಿಗೆ ಬಿಸ್ಕತ್ತು ಮಾಡುವುದು ಹೇಗೆಂದು ಕಲಿಯುತ್ತಿದ್ದರೆ ಯಾರಿಗಾದರೂ ಏನನ್ನಿಸಬೇಕು? ನನಗೆ ಅನ್ನಿಸಿತು. ಅತ್ತಿಗೆಗೆ ಅನ್ನಿಸಲಿಲ್ಲ.

"ನಿಂದೊಂದು ಅನುಮಾನ," ಅಂದರು. "ಪಾಪ, ಅವರ ತಂಗಿ ಮನೇಲಿ ನಾಯಿ ಇದೆಯಂತೆ. ಅದಕ್ಕೆ ಮಾಡಿ ಕೊಡಬೇಕಂತೆ."

"ಯಾಕೆ, ಮಾಡೋಕೆ ತಂಗಿಗೆ ಕೈ ಇಲ್ವಾ?"

"ನಿನ್ನ ನಾಲಿಗೆಗೆ ಒಂದು ಬೀಗ ಹಾಕಿಸಬೇಕು ಕಣೇ."

ಈ ಬೀಗದ ಮಾತನ್ನು ಅವರು ನಮ್ಮ ಮನೆಗೆ ಸೊಸೆಯಾಗಿ ಬಂದ ವಾರದಿಂದಲೇ ಹೇಳುತ್ತಿದ್ದಾರೆ. ಅಣ್ಣ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ನಾವಿಬ್ಬರೇ. ಮದುವೆಯ ಗೊಡವೆಗೇ ಹೋಗದ ನಾದಿನಿ ನಾನು, ನನ್ನನ್ನು ಸಹಿಸಿಕೊಂಡ ಅತ್ತಿಗೆ ಅವರು. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಿಷನ್ನು, ಹಿಂದೆ ಅಡುಗೆಮನೆಯಲ್ಲಿ ಅವರ ಓವನ್ನು. ಶಾಲೆ ಮಕ್ಕಳ ಯೂನಿಫಾರಂ ಹೊಲಿಯುವುದು ನನ್ನ ಕಸುಬು. ನೀಲಿ ಬಟ್ಟೆಯ ಮೇಲೆ ಒಂದೇ ಒಂದು ನಾಯಿಕೂದಲು ಕಂಡರೂ ನನಗೆ ಪಿತ್ತ ನೆತ್ತಿಗೇರುತ್ತದೆ. ಅತ್ತಿಗೆಯ ಸೀರೆಯ ನೆರಿಗೆಯಲ್ಲಿ ಯಾವಾಗ ನೋಡಿದರೂ ಹಿಡಿ ಕೂದಲು. ಹೀಗೆ ನಮ್ಮ ಸಂಸಾರ ನಡೆಯುತ್ತಿತ್ತು.

ಅತ್ತಿಗೆ ಬೇಕರಿಯಲ್ಲಿ ಕೆಲಸ ಮಾಡಿದವರು. ಹಿಟ್ಟು ನಾದುವ ಯಂತ್ರಕ್ಕೆ ಸಿಕ್ಕಿ ಅವರ ಬಲಗೈ ಹೆಬ್ಬೆರಳ ತುದಿ ಚಪ್ಪಟೆಯಾಗಿದೆ, ಉಗುರು ಮತ್ತೆ ಬರಲೇ ಇಲ್ಲ. ಬೇಕರಿ ಮುಚ್ಚಿದಾಗ ಮಾಲೀಕರು ಮೂಲೆಯಲ್ಲಿದ್ದ ಚಿಕ್ಕ ಓವನ್ನು ಇವರ ಕೈಗೆ ಕೊಟ್ಟು, "ಇಟ್ಕೊಳ್ಳಮ್ಮ, ನೆನಪಿಗಿರಲಿ," ಅಂದರಂತೆ. ಅದನ್ನು ಆಟೋದಲ್ಲಿ ಮಡಿಲ ಮೇಲಿಟ್ಟುಕೊಂಡು ತಂದರು. ಇನ್ನು ಅತ್ತಿಗೆ ಅದರಲ್ಲಿ ಕೇಕು ಮಾಡುತ್ತಾರೆ, ನನಗೂ ಒಂದಿಷ್ಟು ಸಿಗುತ್ತದೆ ಅಂತ ನಾನು ಕಾದೆ. ಮಾಡಿದ್ದು ನಾಯಿಗೆ.

ಅದಕ್ಕೊಂದು ಕಾರಣವಿತ್ತು. ನಮ್ಮ ಬೀದಿಯಲ್ಲಿ ಹಿಂದೊಮ್ಮೆ ನಾಯಿಯೊಂದು ಒಂದು ಮಗುವಿನ ಮೀನಖಂಡ ಕಚ್ಚಿತ್ತು. ಬೀದಿಗೆ ಬೀದಿಯೇ ಎದ್ದು ಕೂತಿತು. ನಾಯಿ ಹಿಡಿಯುವ ವ್ಯಾನು ತರಿಸಿ, ಎಲ್ಲವನ್ನೂ ಒಯ್ಯಲಿ, ಪೀಡೆ ತೊಲಗಲಿ ಅಂದರು. ನಾನೂ ಹಾಗೆಯೇ ಅಂದಿದ್ದೆ, ಸುಳ್ಳು ಯಾಕೆ ಹೇಳಲಿ. ಅತ್ತಿಗೆ ಮಾತ್ರ ಮನೆಮನೆಗೂ ಹೋಗಿ, "ನನಗೆ ಸ್ವಲ್ಪ ಸಮಯ ಕೊಡಿ," ಎಂದು ಕೇಳಿಕೊಂಡರು. ನಾಯಿ ಕಚ್ಚುವುದು ಗೊತ್ತಿಲ್ಲದ ಕೈಯನ್ನು, ಹಾಗಾಗಿ ಬೀದಿಯಲ್ಲಿ ನಾಯಿಗೆ ಗೊತ್ತಿಲ್ಲದ ಕೈಯೇ ಇರಬಾರದು ಎಂಬುದು ಅವರ ಲೆಕ್ಕ. ಬಿಸ್ಕತ್ತು ಸುಟ್ಟು, ಕಾಗದದ ಪೊಟ್ಟಣ ಕಟ್ಟಿ, ಪ್ರತಿ ಮನೆಗೂ ಹಂಚಿದರು. ನೆಲಕ್ಕೆ ಎಸೆಯಬಾರದು, ಅಂಗೈಯಲ್ಲಿಟ್ಟು ತಿನ್ನಿಸಬೇಕು. ಮನೆಯವರಿಗಷ್ಟೇ ಅಲ್ಲ, ಗ್ಯಾಸ್ ಸಿಲಿಂಡರಿನವನಿಗೆ, ಪೇಪರು ಹಾಕುವವನಿಗೆ, ಮೀಟರು ನೋಡಲು ಬರುವಾಕೆಗೆ, ಎಲ್ಲರಿಗೂ ಒಂದೊಂದು ಪೊಟ್ಟಣ. ಎಲ್ಲರೂ ನಕ್ಕರು, ಆದರೂ ತಿನ್ನಿಸಿದರು. ಒಂದು ಚಳಿಗಾಲ ಕಳೆಯುವಷ್ಟರಲ್ಲಿ ನಮ್ಮ ಬೀದಿಯ ನಾಯಿಗಳು ಯಾರು ಕೈ ಚಾಚಿದರೂ ಬಾಲ ಅಲ್ಲಾಡಿಸಿಕೊಂಡು ಬರುವಂತಾದವು. ಆಮೇಲೆ ಒಬ್ಬರನ್ನೂ ಕಚ್ಚಿಲ್ಲ. ಅತ್ತಿಗೆಯ ಜೀವಮಾನದ ಹೆಮ್ಮೆ ಇದ್ದರೆ ಅದೊಂದೇ.

ಅವುಗಳಲ್ಲಿ ಎಲ್ಲಕ್ಕಿಂತ ಹಳೆಯದನ್ನು ಬೀದಿಯವರು ಮೇಷ್ಟ್ರು ಎಂದು ಕರೆಯುತ್ತಿದ್ದರು. ಕರಿ ನಾಯಿ. ಎರಡು ಕಣ್ಣಿನ ಸುತ್ತ ಕನ್ನಡಕ ಹಾಕಿದ ಹಾಗೆ ಬಿಳಿ ಕೂದಲು. ಮುಪ್ಪಿನಿಂದ ಒಂದು ಕಣ್ಣು ಮಸುಕಾಗಿತ್ತು, ಕಿವಿ ಅಷ್ಟಕ್ಕಷ್ಟೆ. ಅತ್ತಿಗೆ ಡಬ್ಬಿಯ ಮುಚ್ಚಳ ತಟ್ಟಿದರೆ ಉಳಿದವು ಓಡಿ ಬರುತ್ತಿದ್ದವು, ಇದು ಮಾತ್ರ ಅವು ಓಡುವುದನ್ನು ನೋಡಿಕೊಂಡು ಹಿಂದಿನಿಂದ ನಿಧಾನವಾಗಿ ಬರುತ್ತಿತ್ತು. ಅದಕ್ಕಾಗಿ ಅತ್ತಿಗೆ ಒಂದು ಪಾಲು ತೆಗೆದಿಟ್ಟಿರುತ್ತಿದ್ದರು.

ಗೋದಾಮು ಇರುವುದು ನಮ್ಮ ಬೀದಿಯ ತುದಿಯಲ್ಲಿ. ಬೆಳಗಿನ ಜಾವ ಲಾರಿಗಳು ಬಂದು ನಿಂತರೆ ಎಂಜಿನ್ನಿನ ಕಾವಿಗೆ ನಾಯಿಗಳು ಅದರಡಿ ಹೋಗಿ ಮಲಗುತ್ತಿದ್ದವು. ಒಂದು ಸಲ ಲಾರಿ ಹಿಂದಕ್ಕೆ ತೆಗೆಯುತ್ತಿದ್ದ ಡ್ರೈವರು ನಾಯಿಯನ್ನು ಉಳಿಸಲು ಹೋಗಿ ಗೇಟಿನ ಕಂಬಕ್ಕೆ ಗುದ್ದಿದ. ಗೋದಾಮಿನವರು ವ್ಯಾನಿನವರಿಗೆ ದೂರು ಕೊಟ್ಟರು. ಕಚ್ಚದ ನಾಯಿಯನ್ನು ಒಯ್ಯುವುದಕ್ಕಾಗುವುದಿಲ್ಲ ಎಂದು ವ್ಯಾನಿನವರು ಹೇಳಿ ಕಳಿಸಿದರು. ಬೀದಿಯವರೂ ಸೊಪ್ಪು ಹಾಕಲಿಲ್ಲ. ಅದಾದ ಮೇಲೆಯೇ ಅವರು ನಮ್ಮ ಮನೆ ಬಾಗಿಲಿಗೆ ಬಂದದ್ದು, ಬೆಣ್ಣೆಯಂಥ ಮಾತು ತೆಗೆದುಕೊಂಡು.

"ಅಕ್ಕ, ನಿಮ್ಮ ಕೈಯಲ್ಲಿ ಏನೋ ಇದೆ ಬಿಡಿ," ಅಂದರು. "ನನಗೂ ಸ್ವಲ್ಪ ಹೇಳಿಕೊಡಿ."

ಅತ್ತಿಗೆಗೆ ಯಾರಾದರೂ ಹೇಳಿಕೊಡಿ ಎಂದರೆ ಸಾಕು, ಊಟ ತಿಂಡಿಯ ನೆನಪಿರುವುದಿಲ್ಲ. ಗೋಧಿ ಹಿಟ್ಟು ಜರಡಿ ಹಿಡಿದರು. ಬೇಯಿಸಿದ ಸಿಹಿಗುಂಬಳ ಹಿಸುಕಿ ಹಾಕಿದರು. ಹುರಿದು ಪುಡಿ ಮಾಡಿದ ಕಡಲೆಕಾಯಿ ಬೀಜ, ಒಂದು ಮೊಟ್ಟೆ, ಕೋಳಿ ಮೂಳೆ ಬೇಯಿಸಿ ಸೋಸಿದ ನೀರು. ಉಪ್ಪು ಕೂಡದು, ಸಕ್ಕರೆ ಕೂಡದು, ಈರುಳ್ಳಿಯ ಸಿಪ್ಪೆ ಕೂಡ ಹತ್ತಿರ ಬರಬಾರದು. ಗಟ್ಟಿಯಾಗಿ ನಾದಿ, ದಪ್ಪಕ್ಕೆ ಲಟ್ಟಿಸಿ, ಬಾಟಲಿ ಮುಚ್ಚಳದಿಂದ ಬಿಲ್ಲೆ ಕತ್ತರಿಸಿ, ಪ್ರತಿಯೊಂದರ ನಡುವೆ ಹೆಬ್ಬೆರಳಿನಿಂದ ಒತ್ತುತ್ತಿದ್ದರು. ನಡುವೆ ತಗ್ಗಿದ್ದರೆ ಒಳಗೂ ಚೆನ್ನಾಗಿ ಬೇಯುತ್ತದೆ. ಸಣ್ಣ ಉರಿಯಲ್ಲಿ ಸುಟ್ಟು, ಓವನ್ನು ಆರಿಸಿದ ಮೇಲೂ ಒಳಗೇ ಬಿಡಬೇಕು, ಗರಿಗರಿಯಾಗಲಿಕ್ಕೆ. ಕೊನೆಗೆ ಒಂದನ್ನು ತಾವೇ ಕಡಿದು ತಿನ್ನುತ್ತಿದ್ದರು. ತಾನು ತಿಂದು ನೋಡದ್ದನ್ನು ನಾಯಿಯ ಬಾಯಿಗೆ ಇಡಬಾರದು ಎಂಬುದು ಅವರ ಕಟ್ಟುನಿಟ್ಟು.

ಗೋದಾಮಿನವರೂ ಬಿಲ್ಲೆಗಳನ್ನು ಒತ್ತಿ ನೋಡಿದರು. ಅವರ ಹೆಬ್ಬೆರಳು ದುಂಡಗೆ, ಉಗುರು ನೀಟಾಗಿ ಉದ್ದ ಬಿಟ್ಟದ್ದು. ತಗ್ಗಿನ ಅಂಚಿನಲ್ಲಿ ಉಗುರಿನ ಗೆರೆ ಕಮಾನಿನಂತೆ ಮೂಡಿತು.

"ಉಗುರು ಕತ್ತರಿಸಿಕೊಳ್ಳಿ, ಇಲ್ಲಾಂದ್ರೆ ಹೀಗೇ ಗೀಚುತ್ತೆ," ಅತ್ತಿಗೆ ನಕ್ಕರು. "ನನ್ನದನ್ನ ನೋಡಿ, ಉಗುರೇ ಇಲ್ಲ, ಎಷ್ಟು ನುಣ್ಣಗೆ ಬರುತ್ತೆ."

"ಇದನ್ನ ಮುಟ್ಟದ ನಾಯಿ ಯಾವುದಾದರೂ ಇದೆಯಾ ಅಕ್ಕ?"

"ಒಂದೂ ಇಲ್ಲ."

"ನೀವು ಕೊಟ್ಟರೆ ಸರಿ. ಬೇರೆಯವರು ಕೊಟ್ಟರೆ?"

"ಯಾರು ಕೊಟ್ಟರೂ ತಿಂತಾವೆ. ಅದಕ್ಕೇ ಅಲ್ವಾ ನಾನು ಅಷ್ಟು ಒದ್ದಾಡಿದ್ದು."

ಮಿಷನ್ನು ತುಳಿಯುತ್ತಿದ್ದ ನನ್ನ ಕಾಲು ನಿಂತಿತು. ಬಾಗಿಲ ಸಂದಿಯಿಂದ ನೋಡಿದೆ. ಆ ಮನುಷ್ಯರು ತಲೆಯಾಡಿಸುತ್ತಾ, ಹಿಟ್ಟು ಮೆತ್ತಿದ ಬೆರಳನ್ನು ಕರವಸ್ತ್ರದಲ್ಲಿ ಒಂದೊಂದಾಗಿ ಒರೆಸಿಕೊಳ್ಳುತ್ತಿದ್ದರು. ಅವರು ಹೋದ ಮೇಲೆ ನಾಯಿ ಇಲ್ಲದ ಮನೆಯ ಮಾತು ತೆಗೆದೆ, ಬೀಗದ ಮಾತು ಕೇಳಿಸಿಕೊಂಡೆ.

ಮುಂದಿನ ವಾರ ಕೆಂಚಿ ಸತ್ತಿತು. ಲಾರಿಯ ಅಡಿ ಮಲಗುವ ಚಟ ಎಲ್ಲಕ್ಕಿಂತ ಹೆಚ್ಚಾಗಿದ್ದದ್ದು ಆ ಕೆಂದು ಹೆಣ್ಣುನಾಯಿಗೇ. ಗೋದಾಮಿನ ಹಿಂದಿನ ಚರಂಡಿಯ ಪಕ್ಕ ಕಾಲು ಸೆಟೆದುಕೊಂಡು ಬಿದ್ದಿತ್ತು, ಬಾಯಿಯ ಸುತ್ತ ನೊರೆ ಒಣಗಿತ್ತು. ನೋಡಿದ್ದು ಪೇಪರಿನವನು. ಅತ್ತಿಗೆ ಚಪ್ಪಲಿ ಕೂಡ ಹಾಕಿಕೊಳ್ಳದೆ ಓಡಿದರು, ಅವರ ಹಿಂದೆ ಅವರ ಚಪ್ಪಲಿ ಹಿಡಿದುಕೊಂಡು ನಾನು. ಕೆಂಚಿಯ ಮೂತಿಯ ಹತ್ತಿರ ಅರ್ಧ ಬಿಸ್ಕತ್ತು ಬಿದ್ದಿತ್ತು. ಅದೇ ಅಳತೆ, ಅದೇ ಬಣ್ಣ, ನಡುವೆ ಅದೇ ತಗ್ಗು.

ಸುತ್ತ ನಿಂತವರು ಬಿಸ್ಕತ್ತು ನೋಡಿದರು, ಆಮೇಲೆ ಅತ್ತಿಗೆಯನ್ನು ನೋಡಿದರು. ಎದುರುಮನೆಯಾಕೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ನಿಮ್ಮದೇ ಅಲ್ವಾ ಇದು?" ಎಂದೇ ಬಿಟ್ಟಳು.

ಅತ್ತಿಗೆ ಬಿಸ್ಕತ್ತಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. ಕಾಗದದಲ್ಲಿ ಹಿಡಿದು ಎತ್ತಿ, ಬೆಳಕಿಗೆ ತಿರುಗಿಸಿ ನೋಡಿದರು. ನಾನೂ ನೋಡಿದೆ. ತಗ್ಗಿನ ಅಂಚಿನಲ್ಲಿ ಉಗುರಿನ ಗೆರೆ ಕಮಾನಿನಂತೆ ಇತ್ತು.

ಇನ್ನು ಮುಂದೆ ನಾನು ಆ ಮನುಷ್ಯನಿಗೆ ಮರ್ಯಾದೆ ಕೊಟ್ಟು ಮಾತಾಡುವುದಿಲ್ಲ. ಓದುವವರಿಗೆ ಬೇಜಾರಾದರೆ ಆಗಲಿ.

ಪ್ರಾಣಿ ಆಸ್ಪತ್ರೆಯ ಕಾಂಪೌಂಡರು ಮೂಸಿ ನೋಡಿ, ವಿಷ ಹಾಕಿದ್ದಾರೆ, ಬರಿಗೈಯಲ್ಲಿ ಮುಟ್ಟಬೇಡಿ ಅಂದರು. ಸ್ಟೇಷನ್ನಿಗೆ ಹೋದೆವು. ಅಲ್ಲಿ ಮೇಜಿನ ಹಿಂದಿದ್ದವನು, "ಅಮ್ಮ, ಉಗುರಿನ ಗುರುತು ಹಿಡ್ಕೊಂಡು ನಾನು ಯಾರನ್ನ ಹುಡುಕಲಿ? ಉಗುರು ಎಲ್ಲರಿಗೂ ಇದೆ," ಎಂದು ತನ್ನ ಹತ್ತೂ ಬೆರಳು ಚಾಚಿ ತೋರಿಸಿದ. ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಅತ್ತಿಗೆ ನನ್ನ ಕೈ ಹಿಡಿದು ಎಳೆದುಕೊಂಡು ಬಂದರು.

ಅಲ್ಲಿಂದ ಅವರು ನೇರ ಗೋದಾಮಿಗೆ ನಡೆದರು. ಬೇಡ ಎಂದರೂ ಕೇಳಲಿಲ್ಲ. ಅವನು ಒಳಗೆ ಕೂತು ಲಾರಿಯವರ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ. ನಾಡಿದ್ದು ದೊಡ್ಡ ಸರಕು ಬರುವುದಿದೆ, ಅಷ್ಟರಲ್ಲಿ ರಸ್ತೆ ಚೊಕ್ಕವಾಗಿರುತ್ತದೆ ಎನ್ನುತ್ತಿದ್ದ. ನಮ್ಮನ್ನು ನೋಡಿ ಫೋನಿಟ್ಟು ಎದ್ದು ನಿಂತ, ಕುರ್ಚಿ ಎಳೆದು ಕೊಟ್ಟ. ಅವನ ಹಿಂದಿನ ಕಪಾಟಿನ ಮೇಲೆ ದುಂಡನೆಯ ತಗಡಿನ ಡಬ್ಬಿಯೊಂದಿತ್ತು. ನಮ್ಮ ಮನೆಯದರ ತರಹದ್ದೇ, ಆದರೆ ಹೊಸದು.

"ಕೆಂಚಿ ಸತ್ತುಹೋಯ್ತು," ಅಂದರು ಅತ್ತಿಗೆ.

"ಕೇಳಿದೆ ಅಕ್ಕ. ಛೇ, ಪಾಪ." ನಿಜವಾಗಿ ಮರುಕಪಡುವವನ ಮುಖವೇ. "ಯಾರೋ ಏನೋ ಹಾಕಿರಬೇಕು. ನೀವು ಬೇಜಾರು ಮಾಡಿಕೊಳ್ಳಬೇಡಿ. ಎಲ್ಲರ ಕೈಯೂ ಒಂದೇ ಅಂತ ನೀವು ಕಲಿಸಿಬಿಟ್ಟಿದ್ದೀರಲ್ಲ, ಅವು ತಾನೇ ಏನು ಮಾಡ್ತಾವೆ?"

ಅತ್ತಿಗೆ ತಿರುಗಿ ಹೊರಟರು. ಅವನು ಬಾಗಿಲವರೆಗೂ ಬಂದು, ಮೆಟ್ಟಿಲು ಒದ್ದೆ ಇದೆ, ನೋಡಿಕೊಂಡು ಇಳಿಯಿರಿ ಎಂದ. ಬೈಯುವವನಾಗಿದ್ದರೆ, ಕೂಗಾಡುವವನಾಗಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಮನೆಗೆ ಬಂದು ಅತ್ತಿಗೆ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟರು. ಓವನ್ನಿಗೆ ಬೆನ್ನು ಕೊಟ್ಟು, ಕಾಲು ಚಾಚಿ. ಈ ಹೆಂಗಸು ಅಣ್ಣ ಹೋದಾಗಲೂ ಹಾಗೆ ಕೂತಿರಲಿಲ್ಲ.

"ನಾನೇ ಸಾಕಿ, ನಾನೇ ಅವನ ಕೈಗೆ ಕೊಟ್ಟೆ ಕಣೇ. ಒಂದಾದರೂ ಅನುಮಾನ ಪಡೋ ನಾಯಿ ಉಳಿಸಿಲ್ಲ ನಾನು. ನಾಳೆ ಅವನು ಡಬ್ಬಿ ತಟ್ಟಿದರೆ ಎಲ್ಲ ಹೋಗ್ತಾವೆ, ಬಾಲ ಅಲ್ಲಾಡಿಸಿಕೊಂಡು."

"ಎಲ್ಲವನ್ನೂ ಒಳಗೆ ಕಟ್ಟಿ ಹಾಕೋಣ. ಮುಂದಿನ ರೂಮು ಖಾಲಿ ಮಾಡ್ತೀನಿ," ಅಂದೆ ನಾನು. ಬಾಯಿಂದ ಆ ಮಾತು ಹೇಗೆ ಬಂತೋ ಗೊತ್ತಿಲ್ಲ. ನೀಲಿ ಬಟ್ಟೆಯ ಥಾನುಗಳು ಅಲ್ಲೇ ಇದ್ದವು.

"ಎಷ್ಟು ದಿನ ಕಟ್ತೀಯಾ? ಅವನೇನು ನಾಡಿದ್ದು ಊರು ಬಿಟ್ಟು ಹೋಗ್ತಾನಾ?"

ಅದೂ ನಿಜವೇ. ಏನೂ ತೋಚದೆ ನಾನು ಗೋಡೆಗೊರಗಿ ನಿಂತು ಬೆರಳು ಬಾಯಿಗಿಟ್ಟೆ, ಥೂ ಎಂದು ಉಗಿದೆ. ನನಗೆ ಉಗುರು ಕಚ್ಚುವ ಚಟ. ಈ ವಯಸ್ಸಿನಲ್ಲೂ ಬಿಟ್ಟಿಲ್ಲ. ಮಕ್ಕಳ ಬೆರಳಿಗೆ ಹಚ್ಚುವ ಕಹಿ ಮದ್ದಿನ ಸೀಸೆಯೊಂದನ್ನು ಅತ್ತಿಗೆ ಔಷಧಿ ಅಂಗಡಿಯಿಂದ ತಂದು, ನಾನು ಮಧ್ಯಾಹ್ನ ಮಲಗಿದ್ದಾಗ ಹತ್ತೂ ಬೆರಳಿಗೆ ಬಳಿಯುತ್ತಿದ್ದರು. ಅದರಿಂದ ಹೊಟ್ಟೆಗೇನೂ ಆಗುವುದಿಲ್ಲ, ಆದರೆ ಆ ಕಹಿ ನೀರು ಕುಡಿದರೂ ಹೋಗುವುದಿಲ್ಲ, ಬೆಲ್ಲ ತಿಂದರೂ ಹೋಗುವುದಿಲ್ಲ. ಅದರ ವಿಷಯಕ್ಕೆ ನಮ್ಮಿಬ್ಬರಿಗೂ ಜಗಳ ಆಗಿತ್ತು.

ಅತ್ತಿಗೆ ನನ್ನ ಮುಖವನ್ನೇ ನೋಡುತ್ತಿದ್ದರು.

"ಹಚ್ಚಿದ ಮೇಲೆ ಎಷ್ಟು ಸಲ ಕಚ್ಚಿದೆ ನೀನು?"

"ಒಂದೆರಡು ಸಲ. ಆಮೇಲೆ ಕೈ ಬಾಯಿ ಹತ್ರ ಬಂದರೇ ನೆನಪಾಗ್ತಿತ್ತು. ಇವತ್ತು ಮರೆತೆ."

ಅವರು ಎದ್ದು ಸೆರಗು ಸಿಕ್ಕಿಸಿಕೊಂಡು ಹಿಟ್ಟಿನ ಡಬ್ಬ ಇಳಿಸಿದರು. ನನ್ನನ್ನು ಅಂಗಡಿಗೆ ಓಡಿಸಿದರು, ಇದ್ದಷ್ಟು ಸೀಸೆ ತಾ ಎಂದು. ಅಂಗಡಿಯವನು ಎಷ್ಟು ಮಕ್ಕಳಮ್ಮ ಎಂದು ಕೇಳಿದ. ನಾನು ಸೀಸೆಗಳನ್ನು ಸೆರಗಿಗೆ ಸುರಿದುಕೊಂಡು ಬಂದೆ.

ಅವತ್ತು ಅತ್ತಿಗೆ ಹಿಟ್ಟು ನಾದಿದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಕುಂಬಳ, ಕಡಲೆಕಾಯಿ ಬೀಜ, ಮೊಟ್ಟೆ, ಮೂಳೆಯ ನೀರು, ಒಂದೂ ಕಡಿಮೆ ಮಾಡಲಿಲ್ಲ. ಘಮ ಅದೇ ಇರಬೇಕು ಅಂದರು, ಘಮದ ಮೇಲೇ ಅವುಗಳಿಗೆ ಅಸಹ್ಯ ಬರಬೇಕು. ಕಡೆಗೆ ಸೀಸೆಗಳನ್ನು ಒಂದೊಂದಾಗಿ ಬಗ್ಗಿಸಿದರು. ಕಾವಿಗೆ ಕಹಿ ಹೋದೀತೆಂದು ಸುಟ್ಟ ಮೇಲೆಯೂ ಬಿಲ್ಲೆಗಳ ಮೇಲೆ ಇನ್ನೊಮ್ಮೆ ಬಳಿದರು. ಮನೆಯೆಲ್ಲ ಯಾವಾಗಿನಂತೆ ಬೇಕರಿಯ ಪರಿಮಳ. ಅತ್ತಿಗೆ ತಮ್ಮ ಕಟ್ಟುನಿಟ್ಟಿನ ಪ್ರಕಾರ ಒಂದನ್ನು ಎತ್ತಿ ಕಡಿದರು. ಅಗಿದು ನುಂಗಿದರು, ಉಗಿಯಲಿಲ್ಲ. ಕಣ್ಣಿನಲ್ಲಿ ನೀರು ಇಳಿಯುತ್ತಿತ್ತು, ಅದು ಕಹಿಗೋ ಬೇರೆಯದಕ್ಕೋ ನಾನು ಕೇಳಲಿಲ್ಲ.

"ನೀನೂ ಕೊಡಬೇಕು," ಅಂದರು. "ನನ್ನ ಕೈಯೊಂದೇ ಕಹಿ ಆದರೆ ಸಾಲದು. ಎಲ್ಲ ಕೈಯೂ ಆಗಬೇಕು."

ನಾನು ಈ ಬೀದಿಯಲ್ಲಿ ಹುಟ್ಟಿ ಬೆಳೆದವಳು. ಒಂದು ದಿನವೂ ಒಂದು ನಾಯಿಗೂ ಒಂದು ಚೂರೂ ಹಾಕಿದವಳಲ್ಲ. ಮೊಟ್ಟಮೊದಲ ಸಲ ಹಾಕಿದ್ದು ಅದನ್ನು.

ಸಂಜೆ ಇನ್ನೂ ಬಿಸಿಲಿತ್ತು. ಅತ್ತಿಗೆ ಹೊಸ್ತಿಲಲ್ಲಿ ನಿಂತು ಮುಚ್ಚಳ ತಟ್ಟಿದರು. ಬಂದವು. ಬೀದಿಯ ಆ ತುದಿಯಿಂದ, ಗೋಡೆಯ ಮೇಲಿಂದ, ನಿಂತ ಸ್ಕೂಟರುಗಳ ಸಂದಿಯಿಂದ ಬಂದು, ಮೈಯೆಲ್ಲ ಕುಣಿಸಿಕೊಂಡು ಸುತ್ತ ನಿಂತವು. ಅತ್ತಿಗೆ ಕೂತು ಅಂಗೈ ಚಾಚಿದರು. ಮೊದಲನೆಯದು ಕಡಿಯಿತು, ತಲೆ ಕೊಡವಿತು, ಜೊಲ್ಲು ಸುರಿಸುತ್ತಾ ಉಗಿದುಬಿಟ್ಟಿತು. ನೆಲಕ್ಕೆ ಮೂತಿ ಉಜ್ಜಿತು. ಆಮೇಲೆ ಅತ್ತಿಗೆಯ ಮುಖ ನೋಡಿ, ಏನೋ ತಪ್ಪಾಗಿದೆ, ಇನ್ನೊಂದು ಕೊಡುತ್ತಾರೆ ಎಂಬಂತೆ ಮತ್ತೆ ಹತ್ತಿರ ಬಂತು. ಅವರು ಇನ್ನೊಂದು ಕೊಟ್ಟರು. ಅದೂ ಕಹಿ.

ನನ್ನ ಸರದಿ ಬಂತು. ನಾನು ಕೈ ಚಾಚಿದ್ದೇ ತಡ, ಬಿಳಿ ಮಚ್ಚೆಯದೊಂದು ಮರಿ ಖುಷಿಯಿಂದ ನನ್ನ ಮಣಿಕಟ್ಟನ್ನೇ ನೆಕ್ಕಿತು. ಇಷ್ಟು ವರ್ಷ ಅದರ ಅಮ್ಮನನ್ನು ಪೊರಕೆಯಲ್ಲಿ ಅಟ್ಟಿದ್ದ ಕೈ ಅದು. ಬಿಸ್ಕತ್ತು ಬಾಯಿಗೆ ಹೋದ ಮೇಲೆ ಅದು ಕುಯ್ಯೆಂದು ಹಿಂದೆ ಸರಿದದ್ದನ್ನು ನೋಡಲಾಗದೆ ನಾನು ಒಳಗೆ ಹೋಗಿ ನಲ್ಲಿ ತಿರುಗಿಸಿಕೊಂಡು ನಿಂತೆ.

ಮಾರನೆಯ ದಿನವೆಲ್ಲ ಅದೇ ಕೆಲಸ. ಗ್ಯಾಸಿನವನು ವಿಷಯ ಕೇಳಿ ಜೇಬಿನ ತುಂಬ ತುಂಬಿಕೊಂಡು ಹೋದ. ಎದುರುಮನೆಯಾಕೆ ಗೇಟಿನ ಹತ್ತಿರ ಬಂದಳು. "ನಿನ್ನೆ ಹಾಗೆ ಅಂದುಬಿಟ್ಟೆ, ಮನಸ್ಸಿಗೆ ಹಚ್ಕೋಬೇಡಿ. ನನಗೂ ಒಂದಿಷ್ಟು ಕೊಡಿ," ಎಂದು ಸೆರಗು ಒಡ್ಡಿದಳು. ಅಂತೂ ಸಂಜೆಯ ಹೊತ್ತಿಗೆ ಅತ್ತಿಗೆ ಮುಚ್ಚಳ ತಟ್ಟಿದರೆ ನಾಯಿಗಳು ಎದ್ದು ನಿಂತವು, ಆದರೆ ಹತ್ತಿರ ಬರಲಿಲ್ಲ. ಕೈ ಚಾಚಿದರೆ ಹಿಂದೆ ಹಿಂದೆ ಸರಿದವು. ಕಲಿಸಲು ಒಂದು ಚಳಿಗಾಲ ಹಿಡಿದದ್ದು ಮರೆಯಲು ಎರಡು ದಿನ ಸಾಕಾಯಿತು.

ಒಂದು ಮಾತ್ರ ಕಲಿಯಲಿಲ್ಲ. ಮೇಷ್ಟ್ರು ಯಾವಾಗಿನಂತೆ ಹಿಂದಿನಿಂದ ನಿಧಾನವಾಗಿ ಬಂತು. ಅತ್ತಿಗೆಯ ಅಂಗೈಯಿಂದ ಬಿಸ್ಕತ್ತು ತೆಗೆದುಕೊಂಡಿತು, ಅಗಿಯಿತು. ಜೊಲ್ಲು ಸುರಿಯಿತು, ತಲೆ ನಡುಗಿತು, ಆದರೂ ಉಗಿಯಲಿಲ್ಲ. ನುಂಗಿ ಬಾಲ ಅಲ್ಲಾಡಿಸಿತು. ಇನ್ನೊಂದು ಕೊಟ್ಟರು, ಅದನ್ನೂ ನುಂಗಿತು. ನಾನು ಕೊಟ್ಟೆ, ನನ್ನ ಕೈಯಿಂದಲೂ ತಿಂದಿತು.

"ಉಗಿಯೋ," ಅತ್ತಿಗೆ ಬೇಡಿಕೊಂಡರು. "ಉಗಿದುಬಿಡೋ ಮಹರಾಯ. ಕಹಿ ಅಂತ ಗೊತ್ತಾಗಲ್ವೇನೋ ನಿನಗೆ?"

ಗೊತ್ತಾಗುತ್ತಿತ್ತು. ಮೂತಿಯೆಲ್ಲ ಸೊಟ್ಟ ಮಾಡಿಕೊಂಡೇ ತಿನ್ನುತ್ತಿತ್ತು. ಕೊಟ್ಟವರು ಕೊಟ್ಟದ್ದನ್ನು ಬೇಡವೆನ್ನುವುದು ಅದಕ್ಕೆ ಬರುತ್ತಿರಲಿಲ್ಲ, ಅಷ್ಟೇ. ಅತ್ತಿಗೆ ಅದರ ಕತ್ತು ತಬ್ಬಿಕೊಂಡು ಬೀದಿಯಲ್ಲೇ ಅತ್ತರು. ನಾನು ಒಳಗಿನಿಂದ ಹಗ್ಗ ತಂದೆ. ಮೇಷ್ಟ್ರನ್ನು ನನ್ನ ಹೊಲಿಗೆ ಮಿಷನ್ನಿನ ಕಾಲಿಗೆ ಕಟ್ಟಿ, ನೀಲಿ ಬಟ್ಟೆಯ ತುಂಡುಗಳನ್ನು ಹಾಸಿ ಮಲಗಿಸಿದೆವು.

ಬೆಳಿಗ್ಗೆ ಹಾಲಿನ ಪ್ಯಾಕೆಟ್ಟು ತೆಗೆಯಲು ಬಾಗಿಲು ತೆರೆದವಳು ಅಲ್ಲೇ ನಿಂತೆ. ಬೀದಿಯುದ್ದಕ್ಕೂ ಬಿಸ್ಕತ್ತು ಬಿದ್ದಿದ್ದವು. ಗೇಟುಗಳ ಹತ್ತಿರ, ಕಂಬದ ಬುಡದಲ್ಲಿ, ನಾಯಿಗಳು ಮಲಗುವ ಜಾಗ ನೋಡಿ ನೋಡಿ ಇಟ್ಟಿದ್ದವು. ನಮ್ಮ ಹೊಸ್ತಿಲಲ್ಲೂ ಎರಡು. ಎಲ್ಲದರ ನಡುವೆ ಹೆಬ್ಬೆರಳಿನ ತಗ್ಗು, ಅಂಚಿನಲ್ಲಿ ಉಗುರಿನ ಗೆರೆ. ಒಂದನ್ನೂ ಯಾವುದೂ ಮುಟ್ಟಿರಲಿಲ್ಲ. ನಾಯಿಗಳು ದೂರದಲ್ಲಿ ಗೋಡೆಗೆ ಅಂಟಿಕೊಂಡು, ನಮ್ಮನ್ನೂ ಬಿಸ್ಕತ್ತನ್ನೂ ಒಂದೇ ರೀತಿ ನೋಡುತ್ತಾ ನಿಂತಿದ್ದವು. ಅತ್ತಿಗೆ ಬಂದು ಎಣಿಸಿದ್ದು ನಾಯಿಗಳನ್ನು. ಒಂದೂ ಕಡಿಮೆ ಇರಲಿಲ್ಲ. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ನಾವಿಬ್ಬರೂ ಬೀದಿಯೆಲ್ಲ ಆರಿಸಿದೆವು. ಕಾಂಪೌಂಡರು ಹೇಳಿದ ಹಾಗೆ ಆಳದ ಗುಂಡಿ ತೋಡಿ ಹುಗಿದೆವು. ಮಿಷನ್ನಿನ ಹತ್ತಿರ ಮೇಷ್ಟ್ರು ಎದ್ದು, ಬಾಗಿಲಿನ ಕಡೆಗೆ ಹಗ್ಗ ಜಗ್ಗುತ್ತಿತ್ತು. ಬಿಸ್ಕತ್ತಿನ ಪರಿಮಳ ಅದರ ಮೂಗಿಗೆ ಮುಟ್ಟಿತ್ತು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ನೆಮ್ಮದಿಯಿಂದ ಇರುತ್ತಿದ್ದೆ. ತಿಂಗಳು ಕಳೆದ ಮೇಲೆ ಅತ್ತಿಗೆ ಮತ್ತೆ ಒಳ್ಳೆಯ ಬಿಸ್ಕತ್ತು ಮಾಡಿ ಹೊಸ್ತಿಲಲ್ಲಿ ಕೂತು ನೋಡಿದರು. ಒಂದೂ ಬರಲಿಲ್ಲ. ಡಬ್ಬಿಯ ಸದ್ದಿಗೆ ಎದ್ದು ರಸ್ತೆ ದಾಟಿ ಆಚೆ ಹೋದವು. ಬಿಳಿ ಮಚ್ಚೆಯದು ಈಗ ಯಾರು ಕೈ ಚಾಚಿದರೂ ಹಲ್ಲು ಕಿರಿಯುತ್ತದೆ. ಕೊರಿಯರಿನವನ ಪ್ಯಾಂಟು ಹರಿಯಿತು. ಮೀಟರಿನಾಕೆ ಗೇಟಿನೊಳಗೆ ಬರಲು ಹೆದರುತ್ತಾಳೆ. ವ್ಯಾನಿನವರಿಗೆ ದೂರು ಕೊಡಬೇಕು ಎಂಬ ಮಾತು ಬೀದಿಯಲ್ಲಿ ಮತ್ತೆ ಎದ್ದಿದೆ. ಈ ಸಲ ವ್ಯಾನಿನವರಿಗೆ ಕಾರಣವೂ ಸಿಗುತ್ತದೆ. ಅತ್ತಿಗೆ ಎಲ್ಲವನ್ನೂ ಕೇಳಿಸಿಕೊಂಡು, "ಬದುಕಿದಾವಲ್ಲ," ಅನ್ನುತ್ತಾರೆ. ಓವನ್ನಿನಲ್ಲಿ ಈಗ ಸುಡುವುದು ಒಂದೇ ನಾಯಿಗೆ ಆಗುವಷ್ಟು.

ಆ ಒಂದನ್ನು ಬೆಳಿಗ್ಗೆ ಸಂಜೆ ಹಗ್ಗ ಹಿಡಿದು ಬೀದಿಗೆ ಕರೆದುಕೊಂಡು ಹೋಗುತ್ತಾರೆ. ನಾನೂ ಜೊತೆಗೆ ಹೋಗುತ್ತೇನೆ. ಮೊನ್ನೆ ಗೋದಾಮಿನವನು ಎದುರಿಗೆ ಬಂದ. ಅದೇ ಬಿಳಿ ಅಂಗಿ, ಮಡಚಿದ ತೋಳು.

"ಏನಕ್ಕ, ನಾಯಿಗಳು ಈಗ ನಿಮ್ಮ ಹತ್ರಾನೂ ಬರಲ್ವಂತೆ?" ಎಂದ. "ಬೀದಿಯವರು ದೂರು ಬರೀತಿದಾರೆ. ನನ್ನನ್ನೂ ಸಹಿ ಕೇಳಿದರು. ಆಗ್ಲಿ ಅಂದೆ."

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಮಂಡಿಯೂರಿ ಕೂತ.

"ಇದೊಂದಾದರೂ ಒಳ್ಳೆ ನಾಯಿ," ಎಂದು ಖಾಲಿ ಅಂಗೈ ಚಾಚಿದ.

ಮೇಷ್ಟ್ರು ಬಾಲ ಅಲ್ಲಾಡಿಸಿಕೊಂಡು ಮುಂದೆ ಹೋಯಿತು. ಅವನ ಅಂಗೈ ಮೂಸಿ, ನಡುವೆ ಏನಾದರೂ ಇದ್ದೀತೆಂದು ಬೆರಳುಗಳನ್ನು ಒಂದೊಂದಾಗಿ ನೆಕ್ಕಿತು, ಆ ಹೆಬ್ಬೆರಳನ್ನೂ. ಅತ್ತಿಗೆ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡು ಜಗ್ಗಿದರು. ಅದು ಬರಲಿಲ್ಲ. ಏನೂ ಇಲ್ಲದ ಕೈಯನ್ನು ನೆಕ್ಕುತ್ತಾ ಅಲ್ಲೇ ನಿಂತಿತ್ತು.